ಗೆಣಸಿನ ತಲಿ

ಜೋಯಿಡಾ

ಹೂವಿನ ಹಿಪ್ಪರಗಿಯ ನನ್ನ ಅತ್ತಿಯವರಿಗೆ ಸೊಸಿ ವಿದ್ಯಾವತಿಯ ಶರಣು.

ನೀವು ಕಳಿಸಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಮುಟ್ಟ್ಯಾವ್ರಿ. ರೊಟ್ಟಿ ಮುರಿಯೂ ಸಪ್ಪಳಕ್ಕ ಮನ್ಯಾಗ ಇನ್ನೊಬ್ರು ಅದಾರ ಅನಿಸ್ತು.

ಇಲ್ಲಿ ಕಾಡಿನ ನಡುವ ಕುಣಬಿ ಮಂದಿಯ ಹನ್ನೊಂದೇ ಮನಿ. ನಾ ಕಲಿಸೂ ಸಾಲಿ ಬಿಟ್ಟಕೂಡಲೇ ಮಕ್ಕಳು ಕೊಂಕಣಿ ಮಾತಾಡ್ಕೋತ ಹೋಗಿಬಿಡ್ತಾವ. ಆಮ್ಯಾಲ ಮುಂಜಾನಿ ತನಕ ನನ್ನ ಜೋಡಿ ಮಾತಾಡವ್ರಿಲ್ಲ.

ಹ್ವಾದ ವಾರ ಹಿತ್ತಲದಾಗ ಅಡವಿ ಗೆಣಸು ಅಗದು ಕುದಿಸಿದೆ. ಬಳ್ಳಿ ಹತ್ತಿಕೊಂಡಿದ್ದ ಅದರ ತಲಿ ಕೊಯ್ದು ತಿಪ್ಪಿಗೆ ಒಗದೆ. ಬಾಜು ಮನಿ ಶೇವಂತಿ ಅಜ್ಜಿ ನೋಡಿ ಬೆಂಕಿ ಆದಳು. ತಿಪ್ಪಿ ಕೆದರಿ ಆ ತಲಿ ಹುಡುಕಿ ತಂದು, ಅದೇ ತಗ್ಗಿನಾಗ ಇಟ್ಟು, ನನ್ನ ಕೈಲೇ ಮಣ್ಣು ಮುಚ್ಚಿಸಿದಳು. ಬರೂ ವರ್ಷ ಅಲ್ಲೇ ಮತ್ತ ಗೆಣಸು ಬಿಡ್ತೈತಂತ. ಹೂಳಿದವರೇ ಅಗಿಬೇಕಂತ.

ನಿಮ್ಮ ಮಗನಿಗೆ ಎಲ್ಲಾರೂ ಮಣ್ಣು ಕೊಡೂ ಹೊತ್ತಿಗೆ ನಾ ಎಚ್ಚರ ತಪ್ಪಿ ಬಿದ್ದಿದ್ದೆ. ಒಂದು ಹಿಡಿನೂ ಹಾಕಲಿಲ್ಲ. ನಿಮಗ ಗೊತ್ತೈತಿ. ಹ್ವಾದ ವಾರ ಗೆಣಸಿನ ತಗ್ಗು ಮುಚ್ಚೂವಾಗ ಭಾಳ ಅಳು ಬಂತು. ತಾ ಬೈದಿದ್ದಕ್ಕ ಅಳಾಕತ್ತೀನಿ ಅಂತ ತಿಳಕೊಂಡು, ಅಜ್ಜಿ ಒಂದು ಬುಟ್ಟಿ ಗೆಣಸು ತಂದಿಟ್ಟಳು. ಮುಂದಿನ ಸಲ ಶೇಂಗಾ ಹೋಳಿಗಿನೂ ಕಳಿಸ್ರಿ. ಆಕಿಗೆ ಹಲ್ಲಿಲ್ಲ, ರೊಟ್ಟಿ ಆಗಂಗಿಲ್ಲ.

ವರ್ಗಾವಣೆಗೆ ಅರ್ಜಿ ಹಾಕಿ ಊರಿಗೆ ಬಾ ಅಂದೀರಿ. ಈ ವರ್ಷ ಬ್ಯಾಡ್ರಿ. ಇದನ್ನರ ಹೂಳೂವಾಗ ನಾ ಇದ್ದೆ. ಅಗಿಯೂವಾಗೂ ಇರ್ತೇನಿ.

ನಿಮ್ಮ ಸೊಸಿ,
ವಿದ್ಯಾವತಿ