ಶುಕೂರ್ ಸಾಬರು ಬೆರಳು ಬಿಚ್ಚಿದರು

ಅಬ್ಬಾ,

ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ದಿನವಿಡೀ ಕನ್ನಡದಲ್ಲಿ ಜಗಳವಾಡಿದರೂ ನಿಮಗೆ ಒಂದಕ್ಷರ ಕನ್ನಡ ಓದಲು ಬರುತ್ತಿರಲಿಲ್ಲ. ಬಂದ ಕಾಗದವನ್ನೆಲ್ಲ ನಾನೇ ಓದಿ ಹೇಳಬೇಕಿತ್ತು. ನೀವು ತೀರಿಹೋದ ಮೇಲೆ ಆ ಕೆಲಸವೂ ತಪ್ಪಿತು. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ: ನಮ್ಮ ಲ್ಯಾಬಿನ ಇಲಿಯೊಂದಕ್ಕೆ ನಿಮ್ಮ ಹೆಸರಿಟ್ಟಿದ್ದೇನೆ. ಬೈಯಬೇಡಿ.

ಅದರ ಹಿಂಗಾಲಿನ ನರ ಕತ್ತರಿಸಿ, ನಡುವಿನ ಖಾಲಿ ಜಾಗಕ್ಕೆ ನಮ್ಮ ರಾಮನಗರದ ರೇಷ್ಮೆಯಿಂದಲೇ ಮಾಡಿದ ಜೆಲ್ ತುಂಬಿದ್ದೆವು. ನೂಲು ತೆಗೆಯುವಾಗ ಎಳೆ ಕಡಿದರೆ ನೀವು ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಹಾಕುತ್ತಿದ್ದಿರಿ. ನರಕ್ಕೆ ಹಾಗೆ ಗಂಟು ಹಾಕಲಾಗದು. ಚಪ್ಪರಕ್ಕೆ ಬಳ್ಳಿ ಹಬ್ಬಿದ ಹಾಗೆ ಅದು ಜೆಲ್ ಹಿಡಿದು ತಾನೇ ಬೆಳೆಯಬೇಕು.

ಇವತ್ತು ಬೆಳಿಗ್ಗೆ ಪಂಜರ ತೊಳೆಯುವ ಮರಳವಾಡಿಯ ಕಾವೇರಮ್ಮ ಕೂಗಿದರು: "ನಾಹಿದಮ್ಮ, ಬಿರ್ನೆ ಬನ್ನಿ! ನಿಮ್ಮ ಶುಕೂರ್ ಸಾಬ್ರು ಬೆರಳು ಅಗಲಿಸ್ಬುಟ್ರು!"

ಓಡಿಹೋಗಿ ಎತ್ತಿ ಹಿಡಿದೆ. ನರ ಕತ್ತರಿಸಿದಾಗಿನಿಂದ ಮುದುಡಿಕೊಂಡೇ ಇದ್ದ ಕಾಲ್ಬೆರಳುಗಳು ಬೀಸಣಿಗೆಯಂತೆ ಬಿಚ್ಚಿದವು.

"ಎಲ್ಲಿ, ಇನ್ನೊಂದ್ ಕಿತ ತೋರ್ಸಪ್ಪ" ಎಂದು ಕಾವೇರಮ್ಮ ಇಲಿಯನ್ನೇ ಕೇಳಿದರು. ಅದು ತೋರಿಸಿತು!

ಖುಷಿಗೆ ಎಲ್ಲರಿಗೂ ಟೀ ತರಿಸಿದೆ. ನೂಲು ತೆಗೆಯುವ ಯಂತ್ರಕ್ಕೆ ಸಿಕ್ಕಿ ನಿಮ್ಮ ಮಣಿಕಟ್ಟಿನ ನರ ಕಡಿದು ಎರಡು ಬೆರಳು ಮರಗಟ್ಟಿದ ಮೇಲೆ, ನೀವು ಅವನ್ನು ಹಬೆಯಾಡುವ ಟೀ ಗ್ಲಾಸಿಗೆ ಒತ್ತಿ, "ನೋಡಿ, ನಂಗೆ ಸುಡೋದೇ ಇಲ್ಲ" ಎನ್ನುತ್ತಿದ್ದಿರಿ. ನಾವು ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದೆವು.

ಇವತ್ತು ಅದೇ ಎರಡು ಬೆರಳನ್ನು ನಾನೂ ಗ್ಲಾಸಿಗೆ ಒತ್ತಿ ನೋಡಿದೆ.

ಅಯ್ಯೋ ಅಬ್ಬಾ, ಎಷ್ಟು ಚೆನ್ನಾಗಿ ಸುಟ್ಟಿತು!

ನಿಮ್ಮ ನಾಹಿದಾ