ಅಡುಗೆಮನೆಗೆ ಬೀಗ ಹಾಕಿಲ್ಲ

ತಮ್ಮಾ ದೊರೆ,

ನೀನು ಗೊರಕೆ ಹೊಡೀತಿದ್ದೆ, ಎಬ್ಬಿಸೋಕೆ ಮನಸ್ಸಾಗಲಿಲ್ಲ. ಕೆಲಸಕ್ಕೆ ಹೊರಟೆ.

ಮಧ್ಯಾಹ್ನ ನರ್ಸ್ ಬರ್ತಾರೆ. ಹೋದ ಸಲ ಇಂಜೆಕ್ಷನ್ ಹೊಟ್ಟೆಯ ಎಡಗಡೆ ಕೊಟ್ಟಿದ್ದರು, ಈ ಸಲ ಬಲಗಡೆ ಅಂತ ನೆನಪಿಸು. ಹಸಿವು ಹೇಗಿದೆ ಅಂತ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳು. ಹಸಿವು ತಗ್ಗಿಸೋ ಹೊಸ ಔಷಧಿ, ಇನ್ನೂ ಪರೀಕ್ಷೆ ಮಾಡ್ತಿದ್ದಾರೆ. ಅವರನ್ನು ಮೆಚ್ಚಿಸೋಕೆ ಸುಳ್ಳು ಹೇಳಿದರೆ ನನ್ನ ಕೈಲಿ ಬೈಸ್ಕೋತೀಯ.

ಅಡುಗೆಮನೆಗೆ ಬೇಕಂತಲೇ ಬೀಗ ಹಾಕಿಲ್ಲ. ಎಷ್ಟು ತಿಂದರೂ ಹೊಟ್ಟೆ ತುಂಬದ ನಿನ್ನ ಕಾಯಿಲೆಗೆ ಹೆದರಿ ಇಷ್ಟು ವರ್ಷ ಬೀಗದಕೈ ಕೊರಳಲ್ಲೇ ಹಾಕ್ಕೊಂಡಿದ್ದೆ. ನಿನ್ನೆಯೂ ಮರೆಯಲ್ಲಿ ತಿನ್ನೋ ಅದೇ ಹಳೇ ಅಭ್ಯಾಸ. ನಿನಗೆ ಕೇಳಿಸಬಾರದು ಅಂತ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು, ನಿಂತೇ ಊಟ ಮಾಡಿದೆ. ಬಾಯಿ ಒರೆಸಿಕೊಂಡು ಕಳ್ಳಿ ಥರ ಹೊರಗೆ ಬಂದರೆ ನೀನು ಕಿಟಕಿ ಹತ್ತಿರ ಹಾಯಾಗಿ ಕೂತಿದ್ದೆ. ತಿರುಗಿಯೂ ನೋಡಲಿಲ್ಲ.

ಮೊದಲು ದಿನವಿಡೀ "ಅಕ್ಕಾ ಊಟ, ಅಕ್ಕಾ ಊಟ" ಅಂತ ಬೆನ್ನು ಬಿಡದೆ ತಲೆ ತಿನ್ನುತ್ತಿದ್ದೆ. ಎಷ್ಟು ಬೈದಿದ್ದೀನೋ ನಿನಗೆ. ಈಗ ಮನೆ ಬಿಕೋ ಅನ್ನುತ್ತೆ.

ತಟ್ಟೆ ಮುಚ್ಚಿಟ್ಟಿದ್ದೀನಿ, ಬೇಕಾದಷ್ಟು ತಿನ್ನು. ಸಂಜೆ ನಾನು ಬಂದಾಗ, ಹಸಿವಿಲ್ಲದಿದ್ದರೂ ಒಂದು ಸಲ "ಅಕ್ಕಾ" ಅನ್ನು.