ನೈರೋಬಿಗೆ ಇನ್ನೂ ಎರಡು ಸಾವಿರದ ನಾನೂರು

ಸಕೋತ್ರಾ ದ್ವೀಪದ ಗಾಳಿಕಂಬ,
ಕ್ರಿ.ಶ. ೨೩೧೯, ಹದಿಮೂರನೇ ತಿಂಗಳು, ಆರನೇ ದಿನ

ಮುನ್ನೂರು ವರ್ಷ ಹಿಂದಿನವರೇ,

ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು, ಗಾಬರಿಯಾಗಬೇಡಿ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಹುಬ್ಬಳ್ಳಿಯ ಬಸಲಿಂಗವ್ವ, ಬಟ್ಟೆ ಹೊಲಿಯುವವಳು. ಕೂತಲ್ಲಿ ಕೂರಲಾಗದೆ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯಿಂದ ನೈರೋಬಿಗೆ ನಾಲ್ಕು ಸಾವಿರದ ಏಳುನೂರು ಕಿಲೋಮೀಟರ್. ನಿಮ್ಮ ವಿಮಾನಕ್ಕೆ ಅದು ಆರೇಳು ಗಂಟೆಯ ದಾರಿಯಂತೆ. ನಮಗೆ ಉರಿಸಲು ಎಣ್ಣೆ ಉಳಿದಿಲ್ಲ. ನಮ್ಮದು ಗಾಳಿಹಡಗು: ದೊಡ್ಡ ಚೀಲದಡಿ ತೂಗುವ ಬುಟ್ಟಿಮನೆ. ಚಳಿಗಾಲದ ಗಾಳಿ ಒಲಿದರೆ ಆರು ದಿನ, ಮುನಿದರೆ ಹದಿನೈದು. ಒಳಗೆ ಒಲೆ ಹಚ್ಚುವಂತಿಲ್ಲ, ಕಟಕರೊಟ್ಟಿ, ಶೇಂಗಾ ಚಟ್ನಿಯೇ ಗತಿ. ನನ್ನ ಮಗಳು ನೀಲಗಂಗಾ ನೈರೋಬಿಯಲ್ಲಿದ್ದಾಳೆ, ದಿನ ತುಂಬಿವೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಆದರೆ ಊರ ಕಡೆ ಬೀಸುವ ಗಾಳಿ ಬರುವುದು ಮಳೆಗಾಲಕ್ಕೆ. ಹಾಗಾಗಿ ತವರೇ ಬುಟ್ಟಿ ಹತ್ತಿ ಹೊರಟಿತು.

ಹಡಗಿನಲ್ಲಿ ದೂರ ಕೇಳಬಹುದು, ಹೊತ್ತು ಕೇಳಬಾರದು. ಹಿಂದೊಮ್ಮೆ ಪ್ರಯಾಣಿಕರ ಕಾಟ ತಾಳದೆ ನಾವಿಕನೊಬ್ಬ ಬಿರುಗಾಳಿಗೆ ನುಗ್ಗಿ ನಲವತ್ತು ಜನ ಸತ್ತರು. ಅಂದಿನಿಂದ "ಇನ್ನೆಷ್ಟು ಹೊತ್ತು?" ಎಂದು ಮೂರು ಸಲ ಕೇಳಿದವರನ್ನು ಮುಂದಿನ ಗಾಳಿಕಂಬದಲ್ಲಿ, ಅಂದರೆ ಹಡಗು ಕಟ್ಟುವ ನಿಲ್ದಾಣದಲ್ಲಿ, ಇಳಿಸಿಬಿಡುತ್ತಾರೆ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ! ಮೊದಲ ದಿನವೇ ಎರಡು ಸಲ ಕೇಳಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿನ್ನೆ ಗಾಳಿ ಸತ್ತು ಹಡಗು ನಿಂತಲ್ಲೇ ನಿಂತಾಗ ಬಾಯಿ ತಡೆಯಲಿಲ್ಲ. ನಾವಿಕ ಇಲಿಯಾಸ ಕೆಟ್ಟವನಲ್ಲ, ಗಾಳಿ ಮರಳಿ ಈ ಕಂಬ ಮುಟ್ಟಿದಾಗ ಕಣ್ಣು ತಗ್ಗಿಸಿ ಹೇಳಿದ: "ಅಮ್ಮಾರ, ನಿಮ್ಮ ಮೂರು ಮುಗದ್ವು. ಇಳೀರಿ."

ಕಾಲಿಗೆ ಬಿದ್ದೆ. ಉಳಿದವರೆಲ್ಲ ಮುಖ ತಿರುಗಿಸಿದರು. ಮುಂದಿನ ಹಡಗು ಒಂಬತ್ತು ದಿನಕ್ಕೆ. ಈ ಬಂಡೆಯ ಮೇಲೆ ಆಚೆಯಿಂದ ಈಚೆಗೆ ನಡೆದು ನಡೆದು ಚಪ್ಪಲಿ ಹರಿದಿದೆ. ಇಲ್ಲಿ ಹಿಂದಂಚೆ ಇದೆ, ಹಿಂದಿನ ಕಾಲಕ್ಕಷ್ಟೇ ಹೋಗುವ ಅಂಚೆ. ಮುನ್ನೂರು ವರ್ಷ ಆಚೆಯ ನಿಮಗೆ ಈ ಕಾಗದ ಇವತ್ತೇ ಮುಟ್ಟುತ್ತದೆ, ನಾನು ಮಾತ್ರ ಮಗಳನ್ನು ಮುಟ್ಟಲಾರೆ. ಎಂಥ ಹಣೆಬರಹ ನೋಡಿ!

ಕಂಬದಲ್ಲಿ ಮಾತಿನ ತಂತಿಯೂ ಇದೆ. ಬೆಳಿಗ್ಗೆ ಅವಳ ದನಿ ಬಂತು: "ಯವ್ವಾ, ನೋವು ಸುರು ಆಗ್ಯಾವು. ಎಲ್ಲಿಗಿ ಬಂದೀ?"

ನಿಜ ಹೇಳಲು ಬಾಯಿ ಬರಲಿಲ್ಲ. "ಬಂದೆ ನನ್ನವ್ವಾ, ಇಲ್ಲೇ ಇಳೀಲಿಕತ್ತೇನಿ" ಎಂದುಬಿಟ್ಟೆ.

"ಹಂಗಾರ ತಡ್ಕೋತೀನಿ. ಲಗೂನ ಬಾ."

ನಿಮ್ಮಲ್ಲೊಂದು ಬೇಡಿಕೆ. ಆರು ಗಂಟೆಯ ದೂರದಲ್ಲಿ ನಿಮ್ಮವರು ಯಾರಾದರೂ ಕಾಯುತ್ತಿದ್ದರೆ ನಾಳೆ, ನಾಡಿದ್ದು ಅನ್ನಬೇಡಿ. ಹೋಗಿ. ನಿಮಗೆ ಹೋಗಲು ಬರುತ್ತದೆ.

ಈಗಷ್ಟೇ ಸೂಲಗಿತ್ತಿ ತಂತಿಗೆ ಬಂದಿದ್ದಳು. ಮಗ್ಗುಲು ಬದಲಿಸು ಅಂದರೂ ನೀಲಗಂಗಾ ಕೇಳುತ್ತಿಲ್ಲವಂತೆ. ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದಾಳಂತೆ.